ಕಾರಣ ಹೇಳದ ಸರ್ವರ್

ಲಿಬಿನ್ ಬೆಳಿಗ್ಗೆಯಿಂದ ತನ್ನ ಕೋಡನ್ನು ಸರ್ವರ್‌ಗೆ ಕಳಿಸಿದ್ದೇ ಕಳಿಸಿದ್ದು. ಸರ್ವರ್ ಪ್ರತಿ ಸಲವೂ ‘ತಿರಸ್ಕರಿಸಲಾಗಿದೆ’ ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಯಾಕೆ, ಏನು ಎಂಬ ಒಂದು ಸಾಲೂ ಇಲ್ಲ. ಕೊಚ್ಚಿಯ ಆ ಕಚೇರಿಯಲ್ಲಿ, ಏನು ಬದಲಾಯಿಸಿದ್ದೇವೆಂದು ಕೋಡಿನ ಜೊತೆ ಸಣ್ಣ ಟಿಪ್ಪಣಿ ಇಡಬೇಕು. ಅದನ್ನೂ ಬೆಳಗಿನ ಸಿಡುಕಿನಲ್ಲಿ ಏನೋ ಗೀಚಿ ಮರೆತುಬಿಟ್ಟಿದ್ದ.

ಮರುದಿನ ಅವನು ಪಾಲಾ ಎಂಬ ಊರಿಗೆ ಹೆಣ್ಣು ನೋಡಲು ಹೋಗಬೇಕಿತ್ತು. “ಕೋಡ್ ಒಳಗೆ ಹೋದ್ರೆ ನೀನು ಹೊರಗೆ ಹೋಗಬಹುದು,” ಎಂದಿದ್ದರು ಮ್ಯಾನೇಜರ್ ಪೋತನ್ ಸರ್, ಅವನ ರಜೆಯ ಅರ್ಜಿ ನೋಡಿ.

ಪಕ್ಕದ ಮೇಜಿನ ಅನ್ಸಾರ್ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಜಗಿಯುತ್ತ ಬಗ್ಗಿ ನೋಡಿದ. “ಹುಡುಗಿ ಕಡೆಯವರೂ ಹಿಂಗೇ ಕಾರಣ ಹೇಳದೆ ಬೇಡ ಅಂತಾರೆ. ಈಗಿಂದಲೇ ಅಭ್ಯಾಸ ಮಾಡ್ಕೊ.”

ಸರ್ವರ್ ನೋಡಿಕೊಳ್ಳುವ, ಎಲ್ಲರೂ ಚೇಚಿ ಅಂದರೆ ಅಕ್ಕ ಎನ್ನುವ ಶೀಬಾ ಹತ್ತಿರ ಬಂದು, ಮಗನಿಗೆ ಹೇಳುವಂತೆ ಮೆಲ್ಲಗೆ ಹೇಳಿದರು. “ಮೋನೇ, ಕೋಡ್ ಬಿಡು. ನಿನ್ನ ಟಿಪ್ಪಣೀನ ಒಂದ್ಸಲ ಓದ್ಕೊ.”

“ಟಿಪ್ಪಣಿ ಏನ್ ಮಾಡುತ್ತೆ ಚೇಚಿ? ನಿಮ್ಮ ಸರ್ವರ್ರೇ ಕಾರಣ ನುಂಗ್ತಿದೆ. ಒಳಗೆ ನೋಡೋಕೆ ಬಿಡಿ.”

ಚೇಚಿ ಕಣ್ಣಲ್ಲೇ ಬೇಡವೆಂದರು. ಅವರು ತಮ್ಮ ತಪ್ಪು ಮುಚ್ಚಿಡುತ್ತಿದ್ದಾರೆಂದುಕೊಂಡು ಲಿಬಿನ್ ದನಿ ಏರಿಸಿದ. ಗಲಾಟೆಗೆ ಪೋತನ್ ಸರ್ ಎದ್ದು ಬಂದರು.

“ನೋಡಲಿ ಬಿಡಿ ಶೀಬಾ. ಲಿಬಿನ್, ದೊಡ್ಡ ಪರದೆಗೆ ಹಾಕು. ಎಲ್ಲರೂ ಕಲೀಲಿ.”

ಲಿಬಿನ್ ಹುಡುಕಿಯೇಬಿಟ್ಟ. ತಪಾಸಣೆಯ ಪ್ರೋಗ್ರಾಂ ಕಾರಣವನ್ನೇನೋ ಬರೆಯುತ್ತಿತ್ತು. ಒಂದೇ ಒಂದು ಸಾಲು ಅದನ್ನು ಕಸಕ್ಕೆ ಸುರಿಯುತ್ತಿತ್ತು. ಆ ಸಾಲನ್ನು ಅಳಿಸಿ ಎದೆಯುಬ್ಬಿಸಿದ. “ಇನ್ಮೇಲೆ ಇದು ಯಾರ ಮುಲಾಜೂ ಇಲ್ಲದೆ ಮಾತಾಡುತ್ತೆ ಸರ್.” ಎಲ್ಲರೂ ಚಪ್ಪಾಳೆ ತಟ್ಟಿದರು. ಕೋಡನ್ನು ಮತ್ತೆ ಕಳಿಸಿದ.

ಪರದೆಯ ಮೇಲೆ ದಪ್ಪ ಅಕ್ಷರಗಳು ಮೂಡಿದವು: ‘ತಿರಸ್ಕರಿಸಲಾಗಿದೆ. ಕಾರಣ: ಟಿಪ್ಪಣಿಯಲ್ಲಿ ಬೈಗುಳ. “ಮುದಿ ಪೊಟ್ಟನ್ ಹೇಳಿದ್ದಕ್ಕೆ ಮತ್ತೆ ಬಣ್ಣ ಬದಲಿಸಿದೆ.”’

ಪೊಟ್ಟನ್ ಎಂದರೆ ಶತದಡ್ಡ ಎಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಅನ್ಸಾರ್ ಜಗಿಯುವುದನ್ನು ನಿಲ್ಲಿಸಿದ. ನಾಚಿಕೆಯಿಂದ ಲಿಬಿನ್‌ಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಆದರೆ ಕಚೇರಿ ಇದ್ದದ್ದು ಒಂಬತ್ತನೇ ಮಹಡಿಯಲ್ಲಿ.

“ಸರ್, ಅದು... ‘ಪೋತನ್’ ಅಂತ ಬರೆಯೋಕೆ ಹೋಗಿ ಕೈತಪ್ಪಿ...”

“ಹೌದಾ? ‘ಮುದಿ’ ಅನ್ನೋದು ಏನು ಬರೆಯೋಕೆ ಹೋಗಿ ಕೈತಪ್ಪಿದ್ದು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಸರ್ ತಮ್ಮ ಕೋಣೆಗೆ ಹೋದರು.

“ಬೈದವರ ಮಾನ ಉಳೀಲಿ ಅಂತ ನಾನೇ ಅದರ ಬಾಯಿ ಮುಚ್ಚಿಸಿದ್ದೆ ಮೋನೇ,” ಎಂದರು ಚೇಚಿ.

ಲಿಬಿನ್ ತಲೆಯೆತ್ತದೆ ಟಿಪ್ಪಣಿ ತಿದ್ದಿದ: ‘ಮಾನ್ಯ ಪೋತನ್ ಸರ್ ಅವರ ಸೂಚನೆಯಂತೆ.’ ಸರ್ವರ್ ತಕರಾರಿಲ್ಲದೆ ಒಪ್ಪಿತು. ಕೋಡ್ ಒಳಗೆ ಹೋಯಿತು.

ಸಂಜೆ ಅವನ ರಜೆಯ ಅರ್ಜಿಗೆ ಉತ್ತರ ಬಂತು. ‘ತಿರಸ್ಕರಿಸಲಾಗಿದೆ.’ ಕಾರಣದ ಜಾಗ ಖಾಲಿಯಿತ್ತು.

ಈ ಸಲ ಅವನು ಯಾರನ್ನೂ ಕಾರಣ ಕೇಳಲಿಲ್ಲ.