ಪ್ರತೀಕ್ಷಾ ಯಾದಿ ಮತ್ತು ನಮ್ಮ ಮಾವನ ಅಪೀಲು

ನನ್ನ ಸೋದರಮಾವನಿಗೆ ಒಂದು ಕಾಯಿಲೆ ಇದೆ. ಬಿ.ಪಿ., ಶುಗರ್ ಅಲ್ಲ, ಅವು ಅವರ ಹತ್ತಿರ ಸುಳಿಯಲೂ ಹೆದರುತ್ತವೆ. ಇದು ಬೇರೆಯವರನ್ನು ಕೇಳಿದ ಪ್ರಶ್ನೆಗೆ ತಾನು ಉತ್ತರ ಕೊಡುವ ಕಾಯಿಲೆ! ಡಾಕ್ಟರು ನನ್ನನ್ನು "ನೋವು ಎಲ್ಲಿ?" ಎಂದು ಕೇಳಿದರೆ ಪಕ್ಕದಲ್ಲಿ ನಿಂತ ಮಾವ ತಮ್ಮ ಹೊಟ್ಟೆ ಮುಟ್ಟಿ ತೋರಿಸುತ್ತಾರೆ. ಲೋಕಲ್ ಟ್ರೇನಿನಲ್ಲಿ ಯಾರೋ ಯಾರನ್ನೋ "ಕುರ್ಲಾ ಆಯಾ ಕ್ಯಾ?" ಎಂದರೆ ಇಡೀ ಡಬ್ಬಿಯ ಪರವಾಗಿ ಉತ್ತರಿಸುವವರು ಇವರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, "ಹುಡುಗ ಒಪ್ಪಿಗೆಯಾ ಮಗಾ?" ಎಂದು ಅಮ್ಮ ಕೇಳಿದ್ದು ನನ್ನನ್ನು. "ನನಗಂತೂ ಪೂರ್ತಿ ಒಪ್ಪಿಗೆ" ಎಂದವರು ಮಾವ. ಮದುವೆ ಆಗಿಹೋಯಿತು! ಇಂಥವರನ್ನು ಜೊತೆಗೆ ಕಟ್ಟಿಕೊಂಡು ಯಾರಾದರೂ ಶಾಲೆಯ ಇಂಟರ್‌ವ್ಯೂಗೆ ಹೋಗುತ್ತಾರೆಯೇ? ನಾವು ಹೋದೆವು.

ಮಾವ ಉಡುಪಿ ಕಡೆಯವರು. ಮದುವೆ ಮಾಡಿಕೊಂಡಿಲ್ಲ. ವಿಕ್ರೋಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಮ್ಯಾನೇಜರಾಗಿದ್ದು, ನಿವೃತ್ತರಾದ ಮೇಲೆ ಘಾಟ್ಕೋಪರಿನ ನಮ್ಮ ಮನೆಯಲ್ಲೇ ಇದ್ದಾರೆ. ನನ್ನ ಗಂಡನಿಗೆ ಶಿಫ್ಟ್ ಡ್ಯೂಟಿ, ನನಗೆ ಆಫೀಸು. ಹಾಗಾಗಿ ಮಗಳು ಪ್ರತೀಕ್ಷಾ ಬೆಳೆದದ್ದು ಹೆಚ್ಚುಕಮ್ಮಿ ಈ ಅಜ್ಜನ ಕೈಯಲ್ಲೇ.

ಪ್ರತೀಕ್ಷಾಗೆ ಉಗ್ಗು. ಮನೆಯಲ್ಲಿ ಪರವಾಗಿಲ್ಲ, ಜಗಳ ಆಡುವಾಗಂತೂ ಒಂದು ಅಕ್ಷರವೂ ತಡವರಿಸುವುದಿಲ್ಲ! ಹೊರಗಿನವರು ಎದುರಿಗಿದ್ದರೆ ಮಾತ್ರ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಅವಳು ಓದುತ್ತಿದ್ದ ಶಾಲೆ ಏಳನೆಯ ಕ್ಲಾಸಿಗೇ ಮುಗಿಯುತ್ತಿತ್ತು. ಎಂಟನೆಯದಕ್ಕೆಂದು ಎರಡು ಶಾಲೆಗಳಿಗೆ ಹೋದೆವು. ಹೆಸರು ಕೇಳಿದ ಕೂಡಲೇ ಅವಳು "ಪ್... ಪ್..." ಎನ್ನುವಷ್ಟರಲ್ಲಿ ಮಾವ ಅವಳ ಹೆಸರು, ವಯಸ್ಸು, ಬಿಲ್ಡಿಂಗು, ಹುಟ್ಟಿದ ನಕ್ಷತ್ರ ಎಲ್ಲವನ್ನೂ ಹೇಳಿ ಮುಗಿಸಿದ್ದರು. "ತಿಳಿಸುತ್ತೇವೆ" ಎಂದರು ಆ ಎರಡೂ ಶಾಲೆಗಳವರು. ಇನ್ನೂ ತಿಳಿಸಿಲ್ಲ.

ಉಳಿದದ್ದು ವಿಕ್ರೋಳಿಯ ಚರ್ಚಿನ ಪಕ್ಕದ ಕಾನ್ವೆಂಟ್ ಶಾಲೆ. ಉಗ್ಗುವ ಮಕ್ಕಳನ್ನು ಕೂರಿಸಿಕೊಂಡು ದಿನಾ ಒಂದು ಗಂಟೆ ಮಾತಾಡಿಸುವ ಟೀಚರೊಬ್ಬರು ಅಲ್ಲಿದ್ದರು. ನನಗೆ ಬೇಕಿದ್ದದ್ದು ಆ ಒಂದು ಗಂಟೆ. ಆದರೆ ಆ ಶಾಲೆ ಅರ್ಧ ಮುಂಬಯಿಗೆ ಬೇಕಿತ್ತು. ಅದರಲ್ಲೂ ಮೊದಲ ಹಕ್ಕು ಆ ಚರ್ಚಿಗೆ ಸೇರಿದ ಮನೆಗಳ ಮಕ್ಕಳದ್ದು. ಅದು ನ್ಯಾಯವೇ, ನಾನೇನೂ ತಕರಾರು ಮಾಡುವವಳಲ್ಲ.

ಫಾರ್ಮು ತುಂಬಿಸಿದ್ದು ಮಾವ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಕೊಟ್ಟೂ ಬಂದಿದ್ದರು. ನನ್ನ ಕೈಗೆ ಸಿಕ್ಕಿದ್ದು ಅದರ ನಕಲು ಮಾತ್ರ. ಯಾವ ಚರ್ಚಿನ ವ್ಯಾಪ್ತಿಗೆ ಸೇರಿದವರು ಎಂದು ತಿಳಿಯಲು "ಪ್ಯಾರಿಶ್" ಎಂಬ ಒಂದು ಕಾಲಂ ಇತ್ತು. ಅದರ ಎದುರಿಗೆ ಮಾವ ಇಂಗ್ಲಿಷಿನಲ್ಲಿ ದುಂಡಗೆ ಬರೆದಿದ್ದರು: "ನಾಟ್ ಯೆಟ್ ವಿಸಿಟೆಡ್"!

"ಇದೆಂತದು ಮಾವ?"

"ಮತ್ತೆಂತ ಬರಿಯೂದು? ನಾವು ಪ್ಯಾರಿಸ್ಸಿಗೆ ಹೋದದ್ದು ಉಂಟಾ? ಸುಳ್ಳು ಬರೀಲಿಕ್ಕೆ ಆಗ್ತದಾ? ಅವರ ಸ್ಪೆಲ್ಲಿಂಗ್ ಬೇರೆ ತಪ್ಪು ಇತ್ತು. ಕೊನೆಯ ಎಚ್ ಹೊಡೆದು ಹಾಕಿದೆ."

ಬ್ಯಾಪ್ಟಿಸಂ ಸರ್ಟಿಫಿಕೇಟು ಇದ್ದರೆ ಲಗತ್ತಿಸಿ ಎಂದಿದ್ದಲ್ಲಿ ಅವಳ ನಾಮಕರಣದ ಕರೆಯೋಲೆಯನ್ನು ಪಿನ್ನು ಹೊಡೆದು ಸೇರಿಸಿದ್ದರು. ಅರಿಶಿನ ಹಚ್ಚಿದ ಕರೆಯೋಲೆ! ಅದರ ಕೊನೆಯಲ್ಲಿ "ತಾವು ಸಕುಟುಂಬ ಸಪರಿವಾರ ಬಂದು ಭೋಜನ ಸ್ವೀಕರಿಸಬೇಕು" ಎಂದೂ ಇತ್ತು. ಶಾಲೆ ನಡೆಸುವ ಸಿಸ್ಟರು ಇದನ್ನು ಓದುವಾಗ ಏನಂದುಕೊಂಡಾರು ಎಂದು ಯೋಚಿಸಿ ನನಗೆ ಆ ವಾರವೆಲ್ಲ ಊಟ ಸೇರಲಿಲ್ಲ.

ಪಟ್ಟಿ ಹಾಕಿದ ದಿನ ಮಾವ ಬೆಳಿಗ್ಗೆಯೇ ವಿಕ್ರೋಳಿಗೆ ಓಡಿದರು. ಹತ್ತು ಗಂಟೆಗೆ ಆಫೀಸಿಗೆ ಫೋನು ಬಂತು. "ಮಗಾ, ಸಿಕ್ಕಿತು! ಇವಳದ್ದೇ ಮೊದಲ ಹೆಸರು. ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಉಳಿದ ಮಕ್ಕಳೆಲ್ಲ ಇವಳ ಕೆಳಗೆ!" ನಾನು ಕುರ್ಚಿಯಲ್ಲೇ ಅತ್ತುಬಿಟ್ಟೆ. ಸಂಜೆ ಮನೆಗೆ ಬಂದರೆ ಇಡೀ ಬಿಲ್ಡಿಂಗಿಗೆ ಕಾಶಿ ಹಲ್ವ ಹಂಚಿಯಾಗಿತ್ತು. ಮಾವ ಮೊಬೈಲಿನಲ್ಲಿ ಹೊಡೆದುಕೊಂಡು ಬಂದ ಫೋಟೋ ನೋಡಿದೆ. ಮರಾಠಿಯಲ್ಲಿ ನಿಜಕ್ಕೂ ದಪ್ಪ ಅಕ್ಷರವೇ: "ಪ್ರತೀಕ್ಷಾ ಯಾದಿ". ಮರಾಠಿಯಲ್ಲಿ ಹಾಗೆಂದರೆ ವೇಟಿಂಗ್ ಲಿಸ್ಟ್! ಬಸ್ಸಿನ ಬೋರ್ಡು ಓದಿ ಓದಿ ದೇವನಾಗರಿ ಕಲಿತ ಮನುಷ್ಯನಿಗೆ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ನಮ್ಮ ಪ್ರತೀಕ್ಷಾ ಆ ಯಾದಿಯಲ್ಲಿ ಇಪ್ಪತ್ತಮೂರನೆಯವಳಾಗಿದ್ದಳು.

ಮಾವ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. "ಯಾದಿ ಅಂದ್ರೆ ಲಿಸ್ಟು ಅಂತ ಗೊತ್ತಿತ್ತು ಮಾರಾಯ್ತಿ. ಇವಳದ್ದೇ ಲಿಸ್ಟು ಅಂತ ತಿಳ್ಕೊಂಡೆ" ಎಂದರು. ಹಲ್ವ ತಿಂದವರ ಮುಖ ನೋಡಲಾರದೆ ನಾನು ಮೂರು ದಿನ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದೆ.

ಪಟ್ಟಿಯ ಬುಡದಲ್ಲಿ ಸಣ್ಣದಾಗಿ, ಬೇಕಾದವರು ಅಪೀಲು ಸಲ್ಲಿಸಬಹುದು ಎಂದಿತ್ತು. ಅಪೀಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮಾವನ ಮೈಯಲ್ಲಿ ದೇವರು ಬಂದಂತಾಯಿತು! ಊರಿನ ಮನೆಯ ಪಾಗಾರದ ಗೋಡೆಯ ಕೇಸಿನಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋತು ಮೇಲಿನ ಕೋರ್ಟಿನಲ್ಲಿ ಗೆದ್ದವರು ಅವರು. ಒಂದೇ ಸಲಕ್ಕೆ ಕೂತು ಏಳು ಪುಟ ಬರೆದರು. ಅದರಲ್ಲಿ ನನ್ನ ಮಗಳು "ಸದರಿ ಅಪೀಲುದಾರಳು", ಶಾಲೆ "ಎದುರುದಾರರು". ಪ್ಯಾರಿಸ್ಸಿಗೆ ಹೋಗದಿರುವುದು ಅಪೀಲುದಾರಳ ತಪ್ಪಲ್ಲವೆಂದೂ, ಎದುರುದಾರರು ಕರೆದುಕೊಂಡು ಹೋದರೆ ಬರಲು ಅಭ್ಯಂತರವಿಲ್ಲವೆಂದೂ ನಾಲ್ಕನೆಯ ಪುಟದಲ್ಲಿತ್ತು. ನಾನು ಅದನ್ನು ಎತ್ತಿಟ್ಟು, ಮಗಳ ಉಗ್ಗಿನ ಬಗ್ಗೆ, ಆ ಟೀಚರ ಒಂದು ಗಂಟೆಯ ಬಗ್ಗೆ ಒಂದೇ ಪುಟ ಬರೆದು ಕಳುಹಿಸಿದೆ. ಮಾವ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ನಿಜ ಹೇಳುತ್ತೇನೆ, ಮನೆಯಲ್ಲಿ ಎಷ್ಟು ನೆಮ್ಮದಿ ಇತ್ತು!

ಆ ನೆಮ್ಮದಿಯ ಗುಟ್ಟು ಮೂರನೆಯ ದಿನ ಗೊತ್ತಾಯಿತು. ಮಾವ ಬೈಕುಲ್ಲಾ ಮಾರ್ಕೆಟ್ಟಿನಿಂದ ಒಂದು ಟೆಂಪೊ ತುಂಬ ತೆಂಗಿನಕಾಯಿ, ಸೌತೆಕಾಯಿ, ಬಾಳೆಗೊನೆ ಹೇರಿಕೊಂಡು ಚರ್ಚಿನ ಹಬ್ಬಕ್ಕೆ ಹೋಗಿದ್ದರು. ಶಾಲೆಯ ಪ್ರಿನ್ಸಿಪಾಲ್ ಸಿಸ್ಟರು ವಸಾಯಿ ಕಡೆಯ ವಯಸ್ಸಾದ ಹೆಂಗಸು. ಗೇಟಿನಲ್ಲೇ ಅಡ್ಡ ನಿಂತು, "ಅಂಕಲ್, ಹಮ್ ಡೊನೇಶನ್ ನಹೀಂ ಲೇತೇ" ಎಂದರಂತೆ.

"ಯೇ ಡೊನೇಶನ್ ನಹೀಂ ಸಿಸ್ಟರ್, ಹೊರೆಕಾಣಿಕೆ! ಹಬ್ಬಕ್ಕೆ ಬರೋವಾಗ ಖಾಲಿ ಹಾಥ್ ಕೋಯೀ ಆತಾ ಹೈ ಕ್ಯಾ?"

ಊರ ದೇವಸ್ಥಾನದ ಉತ್ಸವಕ್ಕೆ ಮನೆಮನೆಯವರು ಬೆಳೆದದ್ದನ್ನು ಹೊತ್ತುಕೊಂಡು ಹೋಗುವ ಪದ್ಧತಿಯನ್ನು ಮಾವ ಕ್ಯಾಂಟೀನ್ ಹಿಂದಿಯಲ್ಲಿ ವಿವರಿಸಿದರು. ಸಿಸ್ಟರು ಸುಮ್ಮನೆ ಕೇಳಿ, ಟೆಂಪೊವನ್ನು ಹಿಂದಿನ ಬೀದಿಯ ವೃದ್ಧಾಶ್ರಮಕ್ಕೆ ತಿರುಗಿಸಿದರು. "ಸೀಟಿಗೂ ಇದಕ್ಕೂ ಸಂಬಂಧವಿಲ್ಲ" ಎಂದು ಎರಡು ಸಲ ಹೇಳಿದರು. ಮಾವ ಸಾಮಾನು ಇಳಿಸಿ ಬರಬೇಕೋ ಬೇಡವೋ? ಅಲ್ಲೇ ಸೊಂಟಕ್ಕೆ ಟವೆಲು ಕಟ್ಟಿ ಆ ಸೌತೆಕಾಯಿಯದ್ದೇ ಹುಳಿ ಮಾಡಿ, ಅರುವತ್ತು ಮುದುಕರಿಗೆ ಬಡಿಸಿ ಸಂಜೆಗೆ ಬಂದರು. ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಅವರಿಗೆ ಈಗಲೂ ಬೇಸರ.

ಅಪೀಲಿನ ದಿನ ನಾವು ಮೂವರೂ ಸಿಸ್ಟರ ಕೋಣೆಯಲ್ಲಿ ಕುಳಿತೆವು. ದಾರಿಯುದ್ದಕ್ಕೂ ಬಾಯಿ ಬಿಡಬೇಡಿ ಎಂದು ಮಾವನಿಗೆ ಹೇಳಿಕೊಂಡೇ ಬಂದಿದ್ದೆ. ಸಿಸ್ಟರು ನನ್ನ ಕಾಗದವನ್ನು ಬದಿಗಿಟ್ಟು ಮಗಳ ಕಡೆ ತಿರುಗಿದರು. "ವಾಟ್ ಈಸ್ ಯುವರ್ ನೇಮ್, ಬೇಟಾ?"

"ಪ್ರತೀಕ್..." ಎಂದರು ಮಾವ.

ಸಿಸ್ಟರು ಒಂದು ಬೆರಳೆತ್ತಿದರು. "ಅಂಕಲ್, ಪ್ಲೀಸ್. ಉಸಕೋ ಬೋಲನೇ ದೋ."

ಮಾವ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಮಗಳು ಶುರುಮಾಡಿದಳು. "ಪ್... ಪ್..." ಅವಳ ಕತ್ತಿನ ನರ ಉಬ್ಬಿತು. ನಾನು ನೆಲ ನೋಡಿದೆ. ಮಾವನ ಕೈಗಳ ಹಿಂದೆ ತುಟಿ ಅಲುಗಾಡುವುದು ಕಾಣುತ್ತಿತ್ತು. ಸಿಸ್ಟರು ಗಡಿಯಾರ ನೋಡಲಿಲ್ಲ, ತಲೆಯಾಡಿಸಲಿಲ್ಲ, ಸುಮ್ಮನೆ ಕುಳಿತಿದ್ದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಹೆಸರು ಪೂರ್ತಿ ಹೊರಗೆ ಬಂತು.

"ವೆರಿ ಗುಡ್. ಆ್ಯಂಡ್ ಹೂ ಈಸ್ ದಿಸ್?" ಸಿಸ್ಟರು ಮಾವನನ್ನು ತೋರಿಸಿದರು.

ಮಗಳು ಮಾವನನ್ನು ನೋಡಿದಳು, ಸಿಸ್ಟರನ್ನು ನೋಡಿದಳು. "ಮೈ ಅ... ಅಜ್ಜ. ಸ್... ಸಾರಿ ಸಿಸ್ಟರ್. ಹೀ ಟಾ... ಟಾಕ್ಸ್ ಟೂ ಮಚ್."

ಸಿಸ್ಟರು ಮೈ ಕುಲುಕುವಂತೆ ನಕ್ಕರು. ನಾನೂ ನಕ್ಕೆ. ಮಾವ ಮಾತ್ರ ಬಾಯಿಂದ ಕೈ ತೆಗೆಯಲೇ ಇಲ್ಲ.

ಸೀಟು ಕೊಟ್ಟಿದ್ದೇವೆ ಎಂಬ ಕಾಗದ ಬಂದದ್ದು ಮರುವಾರ. ಆದರೆ ನಾನು ಮರೆಯಲಾರದ್ದು ಅಪೀಲಿನ ದಿನದ ಸಂಜೆ. ವಿಕ್ರೋಳಿ ಸ್ಟೇಷನ್ನಿನಲ್ಲಿ ಮಗಳು ಪಾಪ್‌ಕಾರ್ನ್ ತರಲು ಸ್ಟಾಲಿನ ಕಡೆ ಹೋದಳು. ಮಾವ ಬೆಂಚಿನ ಮೇಲೆ ಕುಳಿತಿದ್ದರು. ಒಂದು ಲೋಕಲ್ ಬಂದು ಹೋಯಿತು, ಅವರು ಏಳಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಪಾಪ, ಬೇರೆಯವರ ಎದುರು ಮಗು ಹಾಗೆ ಹೇಳಿಬಿಟ್ಟಿತಲ್ಲ ಎಂದು ನನಗೆ ಸಂಕಟವಾಯಿತು.

"ಬೇಜಾರಾಯ್ತಾ ಮಾವ?" ಎಂದು ಪಕ್ಕದಲ್ಲಿ ಕುಳಿತೆ.

"ಬೇಜಾರಾ?" ಮಾವ ತಲೆಯೆತ್ತಿದರು. ಕಣ್ಣೆರಡೂ ತುಂಬಿದ್ದವು. "ಹೊರಗಿನವರ ಎದುರು ಅವಳು ತಾನಾಗಿ ಪೂರ್ತಿ ಹೇಳಿದ ಮೊದಲನೇ ಮಾತು ಅದು ಮಾರಾಯ್ತಿ. ಅದೂ, ನನ್ನ ಬಗ್ಗೆ ಹೇಳಿದ್ದು!"