ಬುಟ್ಟಿಯಲ್ಲೋ, ಆಸ್ಪತ್ರೆಯಲ್ಲೋ?

ಎದುರಿಗೆ ಕೂತು ನೋಡಿದರೆ ನನ್ನ ಮುಖ ಅಷ್ಟೇನೂ ಕೆಟ್ಟದ್ದಲ್ಲ ಎಂದು ನಾನು ಒಪ್ಪಿಕೊಂಡಿದ್ದೇನೆ. ಕ್ಯಾಮೆರಾ ಮಾತ್ರ ಒಪ್ಪುವುದಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿದ್ದೇನೆ. ಆಧಾರ್ ಕಾರ್ಡಿನಲ್ಲಿ ಯಾವುದೋ ತಪ್ಪು ಒಪ್ಪಿಕೊಂಡವಳಂತೆ ಕಾಣುತ್ತೇನೆ. ಹಾಗಾಗಿ ನನ್ನ ಬಸಿರಿನ ಏಳನೆಯ ತಿಂಗಳಲ್ಲಿ ಗಂಡ, "ಕೂಸಿಂದು ಮೊದಲನೇ ಫೋಟೋ ಆಸ್ಪತ್ರ್ಯಾಗೇ ತೆಗಸೋಣು. ಹುಟ್ಟಿದಾಗ ಹೆಂಗಿರ್ತದ ಹಂಗೇ ಬರಬೇಕು" ಎಂದಾಗ ಗಾಬರಿಯಾದೆ. ಹಡೆದು ಸುಸ್ತಾಗಿ, ಕೆದರಿದ ಕೂದಲಲ್ಲಿ ನಾನು ಕ್ಯಾಮೆರಾದ ಮುಂದೆಯೇ? "ಬ್ಯಾಡ್ರಿ. ತಿಂಗಳಾದ ಮ್ಯಾಲ ಸೇಡಂನಾಗ ಸ್ಟುಡಿಯೋಕ್ಕ ಹೋಗೋಣು. ಬುಟ್ಟ್ಯಾಗ ಮಲಗಿಸಿ, ಉಲನ್ ಟೊಪಗಿ ಹಾಕಿ ಭಾಳ ಚಂದ ತೆಗೀತಾರ" ಎಂದೆ. ಸಿಮೆಂಟ್ ಕಾರ್ಖಾನೆಯಿಂದ ದಿನಾ ಬೂದಿಬಣ್ಣದ ತಲೆ ಹೊತ್ತು ಬರುವವರಿಗೆ ಇಂಥ ಸೊಗಸು ತಿಳಿಯಬೇಕಲ್ಲ. "ಕೂಸಂದ್ರ ಬದನಿಕಾಯೇನು, ಬುಟ್ಟ್ಯಾಗ ಇಡಲಿಕ್ಕ?" ಎಂದರು. ಅಡುಗೆಮನೆಯಿಂದ ಅತ್ತೆ ತೀರ್ಪು ಕೊಟ್ಟರು: "ಎಲ್ಲೂ ಬ್ಯಾಡ. ಎಳೀ ಕೂಸಿಗಿ ನೆದರ ಆಗ್ತದ, ಮಂದಿ ಕಣ್ಣು ಬೀಳ್ತದ. ಜವಳದ ಕೂದಲ ತೆಗೆಯೋತನಕ ಯಾರೂ ಫೋಟೋ ಅನ್ನಬ್ಯಾಡ್ರಿ."

ಈ ವಾದ ಮುಗಿಯುವ ಮೊದಲೇ, ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮುಂಚೆ, ಮಗಳು ಬಂದುಬಿಟ್ಟಳು. ತೂಕ ಕಡಿಮೆ. ಆಪರೇಷನ್ನಾದ ನಾನು ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ, ಅವಳು ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ. ನನಗೆ ಏಳಲು ಅಪ್ಪಣೆಯಿಲ್ಲ. ಹೇಗಿದ್ದಾಳೆಂದು ಗಂಡನನ್ನು ಕೇಳಿದರೆ, "ಭಾಳ ಚಂದ ಅದಾಳ" ಎನ್ನುತ್ತಿದ್ದರು, ಕಿಟಕಿಯ ಕಡೆ ನೋಡುತ್ತಾ. ಏನೋ ಮುಚ್ಚಿಡುತ್ತಿದ್ದಾರೆ ಎನ್ನಿಸಿ ಗೋಡೆಯ ಕಡೆ ಮುಖ ತಿರುಗಿಸಿ ಅಳತೊಡಗಿದೆ.

ಅತ್ತೆ ಮಗನ ಕೈಯಿಂದ ಮೊಬೈಲ್ ಕಸಿದುಕೊಂಡು ಮೇಲೆ ಹೋದರು. ಅಲ್ಲಿಯವರೆಗೆ ಅವರು ಅದನ್ನು ಕಿವಿಗಿಟ್ಟು ಕೂಗಾಡಲು ಮಾತ್ರ ಬಳಸಿದವರು. ಅರ್ಧ ಗಂಟೆಯ ಮೇಲೆ ಏದುಸಿರು ಬಿಡುತ್ತಾ ಬಂದರು. "ಸಿಸ್ಟರಿಗಿ ಕೈಕಾಲು ಹಿಡದು ಒಪ್ಪಿಸೀನಿ. ಹೊಳ್ಳಿ ನೋಡು ಯವ್ವಾ."

ಚಿತ್ರದ ಅರ್ಧ ಭಾಗ ಅತ್ತೆಯ ಹೆಬ್ಬೆರಳು. ಉಳಿದದ್ದರಲ್ಲಿ ಗಾಜಿನ ಹೊಳಪು. ಅದರಾಚೆ ನನ್ನ ಮಗಳು, ಮುಷ್ಟಿ ಬಿಗಿದು, ಬಾಯಿ ತೆರೆದು, ಯಾರ ಮೇಲೋ ಜಗಳಕ್ಕೆ ಹೋದವಳಂತೆ ಅಳುತ್ತಿದ್ದಳು.

"ಅತ್ತಿ, ನೆದರ?" ಎಂದೆ.

"ಹಡದಾಕಿ ನೋಡಿದ್ರ ನೆದರ ಹತ್ತಂಗಿಲ್ಲ. ಹೆಂಗ ಒದರಾಕತ್ತಾಳ ನೋಡು! ಇಷ್ಟು ಜೋರಿದ್ದಾಕಿಗಿ ಏನಾಗ್ತದ?"

ನಕ್ಕೆ. ಹೊಲಿಗೆ ಚುಚ್ಚಿತು, ಆದರೂ ನಕ್ಕೆ. ಐದನೆಯ ದಿನ ಮಗಳನ್ನು ನನ್ನ ಮಡಿಲಿಗೆ ಕೊಟ್ಟರು.

ತಿಂಗಳಾದ ಮೇಲೆ ಸ್ಟುಡಿಯೋಕ್ಕೂ ಹೋದೆವು. ಯಾರೂ ತಕರಾರು ಮಾಡಲಿಲ್ಲ. ಅತ್ತೆ ಮಾತ್ರ ಮೊಮ್ಮಗಳ ಕೆನ್ನೆಗೊಂದು ದೊಡ್ಡ ಕಾಡಿಗೆ ಬೊಟ್ಟಿಟ್ಟು, ಕ್ಯಾಮೆರಾಕ್ಕೂ ಒಂದಿಡಲು ಹೋದರು. ಬುಟ್ಟಿಯಲ್ಲಿ ಮಗಳು ರಾಣಿಯಂತೆ ನಿದ್ದೆ ಹೋದಳು. ಫೋಟೋಗ್ರಾಫರ್ ನಲವತ್ತು ಚಿತ್ರ ಕಳಿಸಿ, "ನಾಕು ಆರಿಸಿ ಹೇಳ್ರಿ ಅಕ್ಕಾ, ಫ್ರೇಮ್ ಹಾಕಿ ಕೊಡ್ತೀನಿ" ಎಂದ. ಒಂದರಲ್ಲಿ ಆಕಳಿಕೆ ಚಂದ, ಇನ್ನೊಂದರಲ್ಲಿ ಕಾಲಿನ ಕಿರುಬೆರಳು. ಯಾವುದನ್ನು ಬಿಡಲಿ? "ನಾಳಿ ಹೇಳ್ತೀನ್ರಿ" ಎಂದು ಇಂದಿಗೂ ಹೇಳುತ್ತಲೇ ಇದ್ದೇನೆ. ಮೊನ್ನೆ ಆತ ಮತ್ತೆ ಫೋನ್ ಮಾಡಿದಾಗ, ಮಗಳು ಅಂಬೆಗಾಲಿಡುತ್ತಾ ಬಂದು ಮೊಬೈಲನ್ನು ಎಳೆದುಕೊಂಡು, ಹೊಸದಾಗಿ ಮೂಡಿದ ಎರಡು ಹಲ್ಲುಗಳಿಂದ ಕಚ್ಚಿದಳು. ಕರೆ ಕಡಿದುಹೋಯಿತು. ಉತ್ತರ ಹೇಳುವುದು ತಪ್ಪಿತಲ್ಲ ಎಂದು, ನಾಚಿಕೆಯಿಲ್ಲದೆ, ಅವಳಿಗೆ ಮುತ್ತು ಕೊಟ್ಟೆ.