ಪ್ಯಾಂಟು ಕುಡಿದ ನೀರು

ಟೈಲರ್ ಮಾಸ್ಟರಿಗೆ ದೇವರ ಮೇಲೆ ಇದ್ದ ದೂರು ಒಂದೇ. ಮೈಯಲ್ಲಿ ಅಷ್ಟೊಂದು ಜಾಗ ಬಿದ್ದಿರುವಾಗ ಈ ಹಾಳು ಗೌಟೆಂಬ ಕೀಲುನೋವಿಗೆ ಮೆಷಿನ್ನು ತುಳಿಯುವ ಕಾಲಿನ ಹೆಬ್ಬೆರಳೇ ಬೇಕಿತ್ತೇ? ಬ್ಯಾಂಡ್ ತಂಡದ ಸಮವಸ್ತ್ರ ಶನಿವಾರಕ್ಕೆ ಆಗಬೇಕು. ಊತ ಇಳಿದಿದ್ದರೂ ಬೆರಳಿನ ಮುನಿಸು ಇಳಿದಿಲ್ಲ.

"ನಾಲ್ಕು ಪ್ಯಾಂಟು ನಾನು ಹೊಲೀಲಾ?" ಎಂದಳು ಹೆಂಡತಿ.

"ಇದೇನು ದಿಂಬಿನ ಕವರ್ ಅಂದ್ಕೊಂಡ್ಯಾ? ನನ್ನ ಮೆಷಿನ್ ಮೇಲೆ ಬೇರೆಯವರು ಕೂರೋ ಹಾಗಿಲ್ಲ ಕಣೇ!" ಎಂದು ಮಾಸ್ಟರು ಉರಿದುಬಿದ್ದರು.

ಗೌಟು ಮತ್ತೆ ವಕ್ಕರಿಸದಿರಲೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. "ಇದು ಯೂರಿಕ್ ಆಸಿಡ್ಡನ್ನ ಮೂತ್ರದಲ್ಲಿ ಹೊರಗೆ ತಳ್ಳುತ್ತೆ. ನೀರು ಚೆನ್ನಾಗಿ ಕುಡೀರಿ. ಇಲ್ದಿದ್ರೆ ಅದೇ ಕಿಡ್ನಿಯಲ್ಲಿ ಕಲ್ಲಾಗಿ ಕೂರುತ್ತೆ" ಎಂದೂ ಎಚ್ಚರಿಸಿದ್ದರು.

ಹೇಳುವವರಿಗೇನು! ಅಂಗಡಿ ಕೆಳಗೆ, ಬಾತ್‌ರೂಮು ಮಹಡಿ ಮೇಲೆ. ಕುಡಿದ ಲೋಟಕ್ಕೊಂದು ಸಲ ಈ ಬೆರಳು ಹೊತ್ತು ಮೆಟ್ಟಿಲು ಹತ್ತುವವರು ಯಾರು? ಹಾಗಾಗಿ ಹೆಂಡತಿ ತಂದು ಕುಕ್ಕುತ್ತಿದ್ದ ಜಗ್ಗುಗಟ್ಟಲೆ ನೀರನ್ನು ಮಾಸ್ಟರು ಇಸ್ತ್ರಿಯ ಬಟ್ಟೆಗೆ ಚಿಮುಕಿಸಿ ಖಾಲಿ ಮಾಡುತ್ತಿದ್ದರು. ಖಾಲಿ ಜಗ್ಗು ಕಂಡು ಆಕೆ, "ಮದುವೆಯಾದ ಮೇಲೆ ಇದೇ ಮೊದಲು ನನ್ನ ಮಾತು ಕೇಳಿದ್ದೀರಿ" ಎಂದು ಕಣ್ಣೊರೆಸಿಕೊಂಡಳು. ಪಾಪ ಅನ್ನಿಸಿತು, ಆದರೂ ಮಾಸ್ಟರು ಮುಂದಿನ ಜಗ್ಗನ್ನೂ ಪ್ಯಾಂಟುಗಳಿಗೇ ಚಿಮುಕಿಸಿದರು.

ಇದರ ಮೇಲೆ ಅವರದ್ದೇ ಒಂದು ಮಹಾಚಿಕಿತ್ಸೆ ಬೇರೆ. ವಿಟಮಿನ್ ಸಿ ಯೂರಿಕ್ ಆಸಿಡ್ ಇಳಿಸುತ್ತದೆಂದು ಯಾರೋ ಗಿರಾಕಿ ಅಂದದ್ದೇ ತಡ, ಕಿತ್ತಳೆ ಬಣ್ಣದ ಮಾತ್ರೆಗಳನ್ನು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟು ಪೆಪ್ಪರಮಿಂಟಿನ ಹಾಗೆ ಚೀಪತೊಡಗಿದರು. (ಒಂದು ಸಲ ಕೋಟಿನ ಗುಂಡಿಯನ್ನೂ ಚೀಪಿದರು. ರುಚಿಯಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲವಂತೆ.)

ಗುರುವಾರ ಸೊಂಟದ ಪಕ್ಕದಲ್ಲಿ ಯಾರೋ ಕತ್ತರಿ ಆಡಿಸಿದಂತಾಗಿ ಮಾಸ್ಟರು ನೆಲಕ್ಕುರುಳಿದರು. ಸ್ಕ್ಯಾನ್ ಮಾಡಿದರೆ ಕಿಡ್ನಿಯಲ್ಲಿ ಸಣ್ಣ ಕಲ್ಲು.

"ನೀರು ಕುಡೀತಿದ್ರಾ?" ಎಂದರು ಡಾಕ್ಟರು.

"ಜಗ್ಗುಗಟ್ಟಲೆ! ನಾನೇ ತುಂಬಿಸಿಡ್ತೀನಿ ಡಾಕ್ಟ್ರೇ" ಎಂದಳು ಹೆಂಡತಿ, ಎದೆಯುಬ್ಬಿಸಿ.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಅಷ್ಟು ಕುಡಿದೂ ಕಲ್ಲು ಬಂತು ಅಂದ್ರೆ ಬೇರೇನೋ ಇದೆ. ಸೋಮವಾರದವರೆಗೂ ಅಡ್ಮಿಟ್ ಮಾಡಿ ಎಲ್ಲ ಪರೀಕ್ಷೆ ಮಾಡೋಣ."

ಸೋಮವಾರ! ಬ್ಯಾಂಡಿನವರು ಚಡ್ಡಿಯಲ್ಲೇ ತುತ್ತೂರಿ ಊದುವ ದೃಶ್ಯ ಮಾಸ್ಟರ ಕಣ್ಣೆದುರು ಬಂತು. "ಬೇಡ ಡಾಕ್ಟ್ರೇ! ಆ ನೀರು ಕುಡಿದದ್ದು ನಾನಲ್ಲ, ಪ್ಯಾಂಟುಗಳು."

ಹೆಂಡತಿಯ ನೋಟಕ್ಕೆ ಹೆದರಿ ಜೇಬಿನಲ್ಲಿದ್ದ ಕಿತ್ತಳೆ ಮಾತ್ರೆಗಳನ್ನೂ ತಾವಾಗಿಯೇ ಮೇಜಿನ ಮೇಲೆ ಸುರಿದರು.

"ಹಣ್ಣು ತಿಂದ್ರೆ ಸರಿ. ಹೀಗೆ ಹಿಡಿಗಟ್ಟಲೆ ಮಾತ್ರೆ ತಿಂದ್ರೆ ಇದೂ ಕಲ್ಲಿಗೆ ದಾರಿಯೇ" ಎಂದು ಡಾಕ್ಟರು ತಲೆ ಚಚ್ಚಿಕೊಂಡರು. "ಇದನ್ನ ಬಿಡಿ. ಗೌಟಿಗೆ ಆಸಿಡ್ ಹುಟ್ಟೋದನ್ನೇ ಕಡಿಮೆ ಮಾಡೋ ಬೇರೆ ಮಾತ್ರೆ ಕೊಡ್ತೀನಿ. ನೀರು ಮಾತ್ರ ಬಿಡೋ ಹಾಗಿಲ್ಲ."

ಅಡ್ಮಿಟ್ ತಪ್ಪಿಸಿಕೊಂಡು ಮನೆಗೆ ಬಂದ ಮೇಲೆ ಹೆಂಡತಿ ಜಗ್ಗನ್ನು ಅವರ ಕೈಗೇ ಕೊಡಲಿಲ್ಲ. ಲೋಟ ಹಿಡಿದು ಎದುರು ನಿಂತಳು. ಮಾಸ್ಟರು ಕುಡಿದರು, ಹತ್ತಿದರು, ಇಳಿದರು, ಮತ್ತೆ ಕುಡಿದರು. ಶುಕ್ರವಾರ ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಕೆಳಗೆ ಮೆಷಿನ್ನಿನ ಸದ್ದು ಕೇಳಿತು.

"ಏಳೇ ಮೇಲೆ!" ಎಂದು ಅರ್ಧ ಮೆಟ್ಟಿಲಲ್ಲೇ ಗುಡುಗಿದರು.

"ಬನ್ನಿ, ಎದ್ದೇಳ್ತೀನಿ."

ಬರಬೇಕೆಂದೇ ಹೊರಟರು. ಹೊಟ್ಟೆಯೊಳಗಿನ ನೀರು ಒಪ್ಪಲಿಲ್ಲ. ಗೊಣಗುತ್ತಾ ವಾಪಸು ಹತ್ತಿದರು.

ಶನಿವಾರ ಬಂದ ಬ್ಯಾಂಡ್ ನಾಯಕ ಪ್ಯಾಂಟು ಹಾಕಿ, ಕೂತು, ಎದ್ದು, ಬಗ್ಗಿ ನೋಡಿದ. "ಮಾಸ್ಟ್ರೇ, ಇಷ್ಟು ವರ್ಷ ಬಗ್ಗೋದಕ್ಕೇ ಹೆದರ್ತಿದ್ವಿ. ಈ ಸಲ ಹೊಲಿಗೆ ಅಂದ್ರೆ ಹೊಲಿಗೆ! ಯಾರದ್ದು ಈ ಕೈ?"

ಮಾಸ್ಟರಿಗೆ ತಕ್ಕ ಉತ್ತರ ನಾಲಿಗೆ ತುದಿಯಲ್ಲಿತ್ತು. ಆದರೆ ಆ ಗಳಿಗೆಯಲ್ಲಿ ಅವರು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಮಹಡಿ ಹತ್ತಿ ಇಳಿದು ಬರುವಷ್ಟರಲ್ಲಿ ಹೆಂಡತಿ ಅವರ ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದಿನ ಕೋಟಿಗೆ ಅಳತೆ ತೆಗೆಯುತ್ತಿದ್ದಳು.